ಸ್ಕಾಟಿಷ್ ಕಂಟ್ರಿ ಡಾನ್ಸ್ ಕ್ಲಬ್‌ನ ಬಾಲ್‌ಗೆ ಟಿಕೆಟ್ ತಗೊಳ್ಳೋದಾ ಬೇಡ್ವಾ? ಸೇರಿ ಒಂದು ಟರ್ಮೂ ಮುಗಿದಿಲ್ಲ

ತುಂಗಾತೀರ:
ಎಡಿನ್‌ಬರಾದಲ್ಲಿ ಎಂಎಸ್ಸಿ ಮಾಡ್ತಿದೀನಿ. ಸೆಪ್ಟೆಂಬರ್‌ನ ಕ್ಲಬ್ ಮೇಳದಲ್ಲಿ ಕಿಲ್ಟ್ ಹಾಕ್ಕೊಂಡ ಹುಡುಗ ಒಬ್ಬ ಚೀಟಿ ಕೊಟ್ಟ, ಮೊದಲನೇ ಕ್ಲಾಸು ಪುಕ್ಕಟೆ ಅಂತ ಹೋದೆ. ಈಗ ವಾರದಲ್ಲಿ ಆ ಒಂದು ಸಂಜೆಗೆ ಕಾಯೋ ಹಾಗಾಗಿದೆ. ಡಾನ್ಸು ಅಂದ್ರೆ ಶಾಲೆ ವಾರ್ಷಿಕೋತ್ಸವದಲ್ಲಿ ಹಿಂದಿನ ಸಾಲಲ್ಲಿ ನಿಂತವಳು ನಾನು, ಅದನ್ನ ಮೊದಲೇ ಹೇಳಿಬಿಡ್ತೀನಿ.

ನವೆಂಬರ್ ಕೊನೆಗೆ ಸೇಂಟ್ ಆಂಡ್ರೂಸ್ ದಿನದ (ಸ್ಕಾಟ್ಲೆಂಡಿನ ಸಂತನ ಹಬ್ಬ) ಲೆಕ್ಕದಲ್ಲಿ ಕ್ಲಬ್‌ನವರದ್ದೇ ಬಾಲ್ ಇದೆ, ಅಂದ್ರೆ ಬ್ಯಾಂಡ್ ಜೊತೆ ಇಡೀ ಸಂಜೆ ಕುಣಿಯೋ ದೊಡ್ಡ ಕೂಟ. ಮೊನ್ನೆ ಕಾರ್ಯಕ್ರಮದ ಹಾಳೆ ಕೊಟ್ರು. ಡಾನ್ಸ್‌ಗಳ ಉದ್ದ ಪಟ್ಟಿ, ಪಕ್ಕದಲ್ಲಿ 8×32 ಜೆ, 8×32 ಎಸ್ ಅಂತ ಲೆಕ್ಕದ ಥರ ಏನೇನೋ. ಅದರಲ್ಲಿ ಅರ್ಧಕ್ಕರ್ಧ ಹೆಸರೇ ಕೇಳಿಲ್ಲ. ನನ್ನ ಪ್ರಶ್ನೆಗಳು: ಜೊತೆಗಾರ ಇಲ್ಲದೆ ಹೋಗಬಹುದಾ? ಏನು ಉಡೋದು? ಸಸ್ಯಾಹಾರಿಗೆ ಊಟ ಸಿಗತ್ತಾ? ಎಲ್ಲರೂ ಕುಡಿದು ತೂರಾಡ್ತಾರಾ? ಎಲ್ಲಕ್ಕಿಂತ ಮುಖ್ಯವಾಗಿ, ನಾಲ್ಕು ಜೋಡಿ ಸೇರಿದ ಒಂದು ಸೆಟ್‌ನಲ್ಲಿ ಕುಣಿಯೋದು, ನನ್ನಿಂದ ಮಿಕ್ಕ ಏಳು ಜನರ ಡಾನ್ಸ್ ಕೆಟ್ಟರೆ?

ಕುಡ್ಲದವ:
ಹೋಗಿ ಮಾರಾಯ್ರೆ, ಎರಡು ಮಾತಿಲ್ಲ. ನಾನು ಕೇಂಬ್ರಿಡ್ಜಿನಲ್ಲಿ ಪಿಎಚ್‌ಡಿ ಮಾಡುವಾಗ ಅಲ್ಲಿನ ಸ್ಟ್ರಾತ್‌ಸ್ಪೇ ಅಂಡ್ ರೀಲ್ ಕ್ಲಬ್‌ಗೆ ಹೋಗ್ತಿದ್ದೆ. ಜೊತೆಗಾರರ ಚಿಂತೆ ಮೊದಲು ಬಿಡಿ. ಇಲ್ಲಿ ಜೋಡಿ ಅಂದ್ರೆ ಒಂದು ಡಾನ್ಸಿಗೆ ಮಾತ್ರ. ಮುಗಿದ ಕೂಡ್ಲೆ ಥ್ಯಾಂಕ್ಸ್ ಹೇಳಿ, ಬ್ಯಾಂಡ್‌ಗೆ ಚಪ್ಪಾಳೆ ತಟ್ಟಿ, ಬೇರೆಯವರನ್ನು ಹುಡುಕಿಕೊಂಡು ಹೋಗುವುದು. ಗಂಡ ಹೆಂಡತಿ ಒಟ್ಟಿಗೆ ಬಂದರೂ ಇಡೀ ಸಂಜೆ ಅವರಿಬ್ಬರೇ ಕುಣಿದರೆ ಉಳಿದವರು ಹುಬ್ಬು ಹಾರಿಸ್ತಾರೆ. ಯಾರು ಯಾರನ್ನೂ ಕೇಳಬಹುದು, ಹುಡುಗಿಯರೇ ಕೇಳುವುದು ಬೇಕಾದಷ್ಟು ಉಂಟು. ಒಂದೇ ನಿಯಮ: ಸುಸ್ತಾಗಿದೆ ಅಂತ ಒಬ್ಬರಿಗೆ ಇಲ್ಲ ಅಂದ್ರೆ ಆ ಡಾನ್ಸ್‌ಗೆ ಇನ್ನೊಬ್ಬರ ಜೊತೆ ಎದ್ದು ಹೋಗಬೇಡಿ. ಅದು ಚಂದ ಅಲ್ಲ.

ಹಾಳೆಯ ಲೆಕ್ಕ ಸುಲಭ. ಜೆ ಜಿಗ್, ಆರ್ ರೀಲ್, ಎಸ್ ಸ್ಟ್ರಾತ್‌ಸ್ಪೇ, ಮೂರೂ ಡಾನ್ಸ್ ಸಂಗೀತದ ಬಗೆಗಳು. 32 ಬಾರ್ (ಬಾರ್ ಅಂದ್ರೆ ನಮ್ಮ ತಾಳದ ಆವರ್ತದ ಹಾಗೆ) ಸಂಗೀತದಲ್ಲಿ ಒಂದು ಸುತ್ತು, ಅಂಥದ್ದು ಎಂಟು ಸಲ. ಜಿಗ್, ರೀಲ್ ಆದರೆ ಸುಮಾರು ನಾಲ್ಕೂವರೆ ನಿಮಿಷ. ಸ್ಟ್ರಾತ್‌ಸ್ಪೇ ನಿಧಾನದ್ದು, ಎಂಟು ನಿಮಿಷದ ಹತ್ತಿರ ಹೋಗ್ತದೆ. ಎರಡು ವೇಗದ್ದಾದ ಮೇಲೆ ಒಂದು ಸ್ಟ್ರಾತ್‌ಸ್ಪೇ ಇಡುವುದು ಉಸಿರು ತಿರುಗಿಸಿಕೊಳ್ಳಲಿಕ್ಕೆ. ಆದರೆ ಕಾಲಿಗೆ ನಿಜವಾದ ಕೆಲಸ ಅದರಲ್ಲೇ.

ಜಯನಗರ 4ನೇ ಬ್ಲಾಕ್:
ಲಕ್ಷಗಟ್ಟಲೆ ಸಾಲ ಮಾಡಿ ಅಲ್ಲಿಗೆ ಹೋಗಿ ಕುಣಿಯೋದಾ? 😄

ತುಂಗಾತೀರ:
@ಜಯನಗರ ಓದಿ ಓದಿ ಮರುಳಾದ ಕೂಚಂಭಟ್ಟ ಅಂತ ನಮ್ಮಜ್ಜಿ ಹೇಳ್ತಿದ್ರು. ಇಲ್ಲಿ ನವೆಂಬರ್‌ನಲ್ಲಿ ನಾಲ್ಕು ಗಂಟೆಗೆ ಕತ್ತಲಾಗತ್ತೆ, ಒಂದು ಸಲ ಬಂದು ನೋಡಿ.

ಧಾರವಾಡ ಫೇಡಾ:
ನಾ ಗ್ಲಾಸ್ಗೋದಾಗ ಇರಾಕಿ. ಹೋಗ್ರಿ, ಆದ್ರ ಕಣ್ಣು ತೆರದು ಹೋಗ್ರಿ. ಎಲ್ಲಾರೂ ಸಿಹಿ ಸಿಹಿ ಹೇಳ್ತಾರ, ನಾ ಸ್ವಲ್ಪ ಖಾರ ಹೇಳ್ತೀನಿ.

ಕ್ಲಾಸಿನ್ಯಾಗ ಪ್ರತಿ ಡಾನ್ಸ್ ನಡದು ತೋರಸ್ತಾರಲ್ರೀ, ಬಾಲ್‌ನ್ಯಾಗ ಅದು ಇರಂಗಿಲ್ಲ. ಎಂ.ಸಿ., ಅಂದ್ರ ಕಾರ್ಯಕ್ರಮ ನಡಸಾಂವ, ಮೈಕ್ ಹಿಡದು ಅರ್ಧ ನಿಮಿಷದಾಗ ಬಾಯಿಲೆ ಹೇಳಿ ಮುಗಸ್ತಾನ. 'ಒಂದನೇ ಜೋಡಿ ಸೆಟ್, ಕಾಸ್ಟ್ ಆಫ್, ಮೂಲಿಗೆ ರೀಲ್ ಆಫ್ ಥ್ರೀ, ಆರು ಮಂದಿ ಕೈ ಹಿಡದು ಸುತ್ತು' ಅಷ್ಟ. ಗೊತ್ತಿದ್ದವರಿಗೆ ಅದು ನೆನಪು, ಗೊತ್ತಿಲ್ಲದವರಿಗೆ ಬರೇ ಸಪ್ಪಳ. ಬಂದ ವರ್ಷ ನಾ ಅರ್ಧ ಸಂಜಿ ಗ್ವಾಡಿಗೆ ಒರಗಿ ಕುಂತಿದ್ದೆ. ನನ್ನ ಜೋಡಿ ಸೇರಿದ್ದ ಇಬ್ಬರು ಹುಡಿಗ್ಯಾರು ಆ ಬಾಲ್ ಆದಮ್ಯಾಲೆ ಕ್ಲಬ್ ಕಡೆ ಹೊಳ್ಳಿ ನೋಡ್ಲಿಲ್ಲ. ವಿದ್ಯಾರ್ಥಿಗಳ ಕ್ಲಬ್ ಅಂತ ಹೆಸರು, ಕಾರ್ಯಕ್ರಮ ನೋಡಿದ್ರ ಇಪ್ಪತ್ತು ವರ್ಷ ಕುಣದವರ ಸಲುವಾಗಿ ಮಾಡಿದಂಗ ಇರ್ತದ.

ಹಳೇ ಖಜಾಂಚಿ:
ಒಂದು ಕಾಲದಲ್ಲಿ ಇಂಗ್ಲೆಂಡಿನ ಒಂದು ವಿದ್ಯಾರ್ಥಿ ಕ್ಲಬ್‌ನ ದುಡ್ಡು ಕಾಸು ನೋಡಿಕೊಳ್ತಿದ್ದೆ, ಅದಕ್ಕೆ ಹೇಳ್ತಿದೀನಿ. ಸಭಾಂಗಣದ ಬಾಡಿಗೆ, ಊಟ, ಎಲ್ಲಕ್ಕಿಂತ ಮೇಲೆ ಬ್ಯಾಂಡ್. ವಿದ್ಯಾರ್ಥಿ ಟಿಕೆಟ್‌ನಿಂದ ಇದು ಏನೂ ಹುಟ್ಟಲ್ಲ. ಊರಿನ ಹಿರಿಯರು, ಅಕ್ಕಪಕ್ಕದ ಊರಿನ ಸ್ಕಾಟಿಷ್ ಡಾನ್ಸ್ ಸಂಘದ ಶಾಖೆಗಳವರು, ಕ್ಲಬ್ ಬಿಟ್ಟು ಹೋದ ಹಳಬರು ಪೂರ್ತಿ ಬೆಲೆ ಕೊಟ್ಟು ಬರೋದಕ್ಕೇ ನಿಮಗೆ ರಿಯಾಯಿತಿ ಸಿಗೋದು. ಅವರು ರೈಲು ಹತ್ತಿ ಬರೋದು ಹಾಳೆ ನೋಡಿ. ಬರೀ ಸುಲಭದ್ದೇ ಇಟ್ಟರೆ ಬರಲ್ಲ. ಹಾಗಂತ ಬರೀ ಕಷ್ಟದ್ದು ಇಟ್ಟರೆ ಮುಂದಿನ ವರ್ಷ ಸಮಿತಿ ಮಾಡೋಕೆ ವಿದ್ಯಾರ್ಥಿಗಳೇ ಇರಲ್ಲ. ಫೇಡಾ ಅವರು ಹೇಳಿದ್ದು ನಿಜ, ಆದರೆ ಅದು ದುರಹಂಕಾರ ಅಲ್ಲ, ಜಮಾಖರ್ಚು.

ಧಾರವಾಡ ಫೇಡಾ:
ಜಮಾಖರ್ಚು ಒಪ್ತೀನ್ರಿ. ಹಂಗಾದ್ರ ಹಾಳೆ ಮ್ಯಾಲೆ ಗುರ್ತು ಹಾಕಬೇಕಿಲ್ಲೋ? ಇದು ಹೊಸಬರಿಗೆ ಆಗ್ತದ, ಇದು ಆಗಂಗಿಲ್ಲ ಅಂತ. ಒಂದು ಚುಕ್ಕಿ ಇಡಾಕ ಎಷ್ಟು ಮಸಿ ಖರ್ಚು?

ಪಿಟೀಲು ಮನೆ:
ಈ ಕಡೆ ಬಹಳ ಕಾಲದಿಂದ ನೆಲೆಸಿದ್ದೇನೆ. ಆಗಾಗ ಒಂದು ಬ್ಯಾಂಡ್‌ನಲ್ಲಿ ಪಿಟೀಲು ನುಡಿಸುತ್ತೇನೆ, ಹಾಗಾಗಿ ಬಾಲ್‌ಗಳನ್ನು ವೇದಿಕೆಯ ಮೇಲಿಂದ ನೋಡಿದ್ದೇ ಹೆಚ್ಚು. ಅಲ್ಲಿಂದ ಒಂದು ವಿಷಯ ಸ್ಪಷ್ಟವಾಗಿ ಕಾಣುತ್ತದೆ. ಒಂದು ಕ್ಲಬ್ ಒಳ್ಳೆಯದೋ ಅಲ್ಲವೋ ಎಂಬುದು ಅದರ ಅತ್ಯುತ್ತಮ ನರ್ತಕರಿಂದ ಗೊತ್ತಾಗುವುದಿಲ್ಲ. ದಾರಿ ತಪ್ಪಿದ ಹೊಸಬರನ್ನು ಉಳಿದ ಏಳು ಜನ ಏನು ಮಾಡುತ್ತಾರೆ ಎಂಬುದರಿಂದ ಗೊತ್ತಾಗುತ್ತದೆ. ಚೆನ್ನಾಗಿ ಬಲ್ಲವರು ಕೈ ಹಿಡಿದು ಎಳೆಯುವುದಿಲ್ಲ, ಕೂಗುವುದಿಲ್ಲ. ಎಲ್ಲಿಗೆ ಹೋಗಬೇಕೋ ಅಲ್ಲಿ ಕಣ್ಣಿಟ್ಟು, ಬೇಕಾದ ಕೈಯನ್ನು ಒಂದು ತಾಳ ಮೊದಲೇ ಚಾಚುತ್ತಾರೆ. ಅಷ್ಟು ಸಾಕು. ಅರ್ಧಂಬರ್ಧ ಬಲ್ಲವರೇ ತೋಳು ಹಿಡಿದು ನೂಕುವುದು.

ತುಂಗಾತೀರ ಅವರೇ, ಸೆಟ್ ಕೆಟ್ಟರೆ ಏನಾಗುತ್ತದೆ ಎಂದು ಕೇಳಿದಿರಿ. ಏನೂ ಆಗುವುದಿಲ್ಲ. 32 ಬಾರ್ ಮುಗಿದ ಕೂಡಲೇ ರಾಗ ಬದಲಾಗುತ್ತದೆ, ಮತ್ತೆ ಮೊದಲಿನಿಂದ ಶುರು. ಎಲ್ಲಿಯೇ ತಪ್ಪಿರಲಿ, ನಿಮ್ಮ ಜೋಡಿ ಆ ಸುತ್ತಿನ ಕೊನೆಗೆ ನಿಲ್ಲಬೇಕಾದ ಜಾಗಕ್ಕೆ ಹೋಗಿ ನಿಂತು ನಗಿ. ಈ ನೃತ್ಯದ ಕಟ್ಟೋಣವೇ ಕ್ಷಮೆಯನ್ನು ಒಳಗಿಟ್ಟುಕೊಂಡಿದೆ.

ಇನ್ನು ಎಲ್ಲಿ ನಿಲ್ಲಬೇಕು ಎನ್ನುವುದು. ನಾಲ್ಕು ಜೋಡಿಗಳ ಉದ್ದ ಸೆಟ್‌ನಲ್ಲಿ ಮೇಲಿನ ಜೋಡಿ ಎರಡು ಸುತ್ತು ಮುನ್ನಡೆಸಿ ಕೆಳಕ್ಕೆ ಹೋಗುತ್ತದೆ, ಆಮೇಲೆ ಎರಡನೆಯದು. ಒಂದು ಸಲಕ್ಕೆ ಮೂರೇ ಜೋಡಿ ಕುಣಿಯುವ ನೃತ್ಯವಾದರೆ ನಾಲ್ಕನೆಯ ಜೋಡಿಗೆ ಮೊದಲ ಸುತ್ತಿನಲ್ಲಿ ಕೆಲಸವೇ ಇಲ್ಲ, ಮುನ್ನಡೆಸುವ ಸರದಿ ಬರುವುದು ಕಟ್ಟಕಡೆಗೆ. ಅಷ್ಟರಲ್ಲಿ ಆರು ಸುತ್ತು ಕಣ್ಣೆದುರೇ ನಡೆದಿರುತ್ತದೆ. ಆದ್ದರಿಂದ ಸಾಲು ಸೇರುವಾಗ ತಡ ಮಾಡಿ. ಸೇರುವುದು ಮಾತ್ರ ಯಾವಾಗಲೂ ಸಾಲಿನ ಕೆಳತುದಿಯಿಂದ. ಸಾಲಿನ ಮೇಲ್ತುದಿಯಲ್ಲಿ ನಿಂತವರು ಮೇಲಿನಿಂದ ನಾಲ್ಕು ನಾಲ್ಕು ಜೋಡಿ ಎಣಿಸಿಕೊಂಡು ಬರುತ್ತಾರೆ. ಎಣಿಕೆ ಆದ ಮೇಲೆ ಮಧ್ಯೆ ನುಸುಳಿದರೆ ಇಡೀ ಸಾಲು ಅಸ್ತವ್ಯಸ್ತ.

ಸುಮ್ನೆ ಓದ್ತೀನಿ:
ಪಿಟೀಲು ಮನೆ ಅವರೇ, ಸಂಗೀತ ಸಿಡಿಯಲ್ಲಿ ಹಾಕಿದರೆ ಖರ್ಚು ಉಳಿಯಲ್ವಾ?

ಪಿಟೀಲು ಮನೆ:
ಕ್ಲಾಸಿಗೆ ಸಿಡಿ ಸಾಕು. ಬಾಲ್‌ನಲ್ಲಿ ಅಕಾರ್ಡಿಯನ್ ಹಿಡಿದವರ ಕಣ್ಣು ಸದಾ ನೆಲದ ಮೇಲಿರುತ್ತದೆ. ಸಭೆ ಬಳಲಿದ್ದರೆ ಒಂದು ಕೂದಲೆಳೆ ನಿಧಾನ, ಹುರುಪೇರಿದ್ದರೆ ಕೊನೆಯ ಎರಡು ಸುತ್ತಿಗೆ ಮೇಲಿನ ಶ್ರುತಿಯ ರಾಗ. ಶುರುವಿಗೆ ಒಂದು ಸ್ವರಮೇಳ, ಜೋಡಿ ಪರಸ್ಪರ ಬಾಗಿ ನಮಿಸುವುದಕ್ಕೆ, ಕೊನೆಗೆ ಇನ್ನೊಂದು. ಸ್ಟ್ರಾತ್‌ಸ್ಪೇಯಲ್ಲಿ ಗಿಡ್ಡ ಸ್ವರದ ಹಿಂದೆ ಉದ್ದ ಸ್ವರ ಬಂದು ಕುಕ್ಕುವುದಿದೆಯಲ್ಲ, ಅದನ್ನು ನುಡಿಸುವವರ ಬಿಲ್ಲು ನೋಡುತ್ತಾ ಕುಣಿದರೆ ಹೆಜ್ಜೆ ತಾನಾಗಿ ಬರುತ್ತದೆ. ಸಿಡಿಗೆ ಬಿಲ್ಲೂ ಇಲ್ಲ, ಕಣ್ಣೂ ಇಲ್ಲ.

ತುಂಗಾತೀರ:
ಇದನ್ನ ಓದಿ ಸ್ವಲ್ಪ ಧೈರ್ಯ ಬಂತು. ಉಡುಪಿನ ಬಗ್ಗೆ ಯಾರೂ ಹೇಳ್ಲಿಲ್ಲ. ರೇಷ್ಮೆ ಸೀರೆ ಒಂದು ತಂದಿದೀನಿ, ಅಮ್ಮ ಹಠ ಮಾಡಿ ಸೂಟ್‌ಕೇಸಲ್ಲಿ ತುರುಕಿದ್ದು.

ಧಾರವಾಡ ಫೇಡಾ:
ಬ್ಯಾಡ್ರಿ ಯವ್ವಾ! ನಿರಿಗಿ ಸೀರ್ಯಾಗ ಜಿಗಿಯೋ ಸ್ಕಿಪ್ ಚೇಂಜ್ ಹೆಜ್ಜಿ ಹಾಕಿದ್ರ ಎರಡನೇ ಬಾರಿಗೇ ನಿರಿಗಿ ಕಾಲಾಗ. ಇಳಕಲ್ ಸೀರಿ ಕಚ್ಚಿ ಹಾಕಿ ಉಡಾಕ ಬರ್ತದೇನು? ಬಂದ್ರ ಉಡ್ರಿ, ಅಡ್ಡಡ್ಡ ಸರಿಯೋ ಸ್ಲಿಪ್ ಸ್ಟೆಪ್ ಏನು, ಕುದರೀನೂ ಹತ್ತಬಹುದು. ಇಲ್ಲಂದ್ರ ಚೂಡಿದಾರ, ಇಲ್ಲಾ ಘೇರ್ ಇರೋ ಲಂಗ. ವೇಲ್ ಇದ್ರ ಪಿನ್ ಹಾಕ್ರಿ, ಹಿಂದಿನವರ ಮುಖಕ್ಕ ಬಡೀತದ. ನಾ ಹಸರು ಲಂಗದಾಗ ಹೋಗಿದ್ದೆ, ಒಬ್ಬರೂ ಏನೂ ಅನ್ಲಿಲ್ಲ, ಮೂರು ಮಂದಿ ಎಲ್ಲಿ ತಗೊಂಡ್ರಿ ಅಂತ ಕೇಳಿದ್ರು.

ಕಾಲಿಗೆ ಘಿಲ್ಲೀಸ್, ಅಂದ್ರ ಲಾಡಿ ಕಟ್ಟೋ ಮೆತ್ತನ್ನ ಚರ್ಮದ ಬೂಟು. ಹೊಸಾದು ತಗೋಬ್ಯಾಡ್ರಿ, ಕ್ಲಬ್‌ನ್ಯಾಗ ಹಳೇವು ಯಾರರ ಕೊಡ್ತಾರ. ಎತ್ತರ ಹಿಮ್ಮಡ ಖಂಡಿತ ಬ್ಯಾಡ, ಪಕ್ಕದವರ ಬೆರಳು ಉಳೀಬೇಕಲ್ಲ.

ಕುಡ್ಲದವ:
ಗಂಡಸರಿಗೆ ಕಿಲ್ಟ್ ಕಡ್ಡಾಯ ಇಲ್ಲ. ಬಾಡಿಗೆಗೆ ಸಿಗ್ತದೆ, ಆದ್ರೆ ಎಂಟು ಗಜದ ಉಣ್ಣೆ ಸುತ್ತಿಕೊಂಡು ಮೂರು ತಾಸು ಕುಣಿದರೆ ನಮ್ಮಂಥವರು ಬೆವರಿ ಒದ್ದೆ. ಇನ್ನೊಂದು ಅಂಗಿ ಚೀಲದಲ್ಲಿ ಇಟ್ಟುಕೊಳ್ಳಿ. ಇದು ಯಾವ ಕರಪತ್ರದಲ್ಲೂ ಬರೆದಿರುವುದಿಲ್ಲ.

ಕುಡಿತದ ಬಗ್ಗೆ: ಕುಡಿದವನಿಗೆ ರೀಲ್ ಆಫ್ ಫೋರ್ (ನಾಲ್ವರು ಹೆಣೆದುಕೊಂಡು ಸುತ್ತುವ ವಿನ್ಯಾಸ) ಹಾಕಲಿಕ್ಕೆ ಆಗುವುದಿಲ್ಲ, ಹಾಗಾಗಿ ಬಾಲ್ ನಡೆಯುವಾಗ ಎಲ್ಲರ ಕೈಯಲ್ಲೂ ನೀರಿನ ಲೋಟವೇ. ಕ್ಲಾಸ್ ಮುಗಿದ ಮೇಲೆ ಪಬ್‌ಗೆ ಹೋಗ್ತಾರಲ್ಲ, ಅದು ಬೇರೆ. ಅಲ್ಲಿಗೂ ಹೋಗಿ, ಐರ್ನ್ ಬ್ರೂ ಅನ್ನುವ ಸ್ಕಾಟಿಷ್ ಸೋಡಾ ಕುಡಿದುಕೊಂಡು ಕೂತ್ರೂ ಯಾರೂ ಕೇಳುವುದಿಲ್ಲ. ಗೆಳೆತನ ಆಗುವುದು ಆ ಮೇಜಿನಲ್ಲೇ. ಕುಣಿಯುವಾಗ ಮಾತಾಡಲಿಕ್ಕೆ ಎಲ್ಲಿ ಪುರುಸೊತ್ತು?

ಸುಮ್ನೆ ಓದ್ತೀನಿ:
ಊಟ? ಹ್ಯಾಗಿಸ್ ಅಂದ್ರೆ ಕುರಿಯ ಒಳಭಾಗ ಅಂತ ಕೇಳಿದೀನಿ.

ಹಳೇ ಖಜಾಂಚಿ:
ಸೇಂಟ್ ಆಂಡ್ರೂಸ್ ಬಾಲ್‌ಗೆ ಸಾಮಾನ್ಯವಾಗಿ ತಣ್ಣನೆ ತಿಂಡಿ, ಸ್ಯಾಂಡ್‌ವಿಚ್, ಸಿಹಿ. ಹ್ಯಾಗಿಸ್ ಕಡ್ಡಾಯ ಆಗೋದು ಜನವರಿ 25ರ ಬರ್ನ್ಸ್ ಸಪ್ಪರ್‌ನಲ್ಲಿ, ಅಂದರೆ ಸ್ಕಾಟಿಷ್ ಕವಿ ಬರ್ನ್ಸ್ ನೆನಪಿನ ಊಟದಲ್ಲಿ. ತಟ್ಟೆ ಹೊತ್ತು ಬ್ಯಾಗ್‌ಪೈಪ್ ಜೊತೆ ಮೆರವಣಿಗೆ, ರಾಬರ್ಟ್ ಬರ್ನ್ಸ್ ಹ್ಯಾಗಿಸ್ ಮೇಲೆ ಬರೆದ ಪದ್ಯ ಓದೋದು, ಸರಿಯಾದ ಸಾಲಿಗೆ ಚಾಕು ಚುಚ್ಚೋದು. ಸಸ್ಯಾಹಾರಿ ಹ್ಯಾಗಿಸ್ ಧಾರಾಳವಾಗಿ ಸಿಗುತ್ತೆ. ಎಡಿನ್‌ಬರಾದ ಮ್ಯಾಕ್‌ಸ್ವೀನ್ ಅಂಗಡಿಯವರು 1984ರಲ್ಲಿ, ಅಲ್ಲಿನ ಕಾವ್ಯ ಗ್ರಂಥಾಲಯದ ಉದ್ಘಾಟನೆಗೆ ಅಂತ ಮಾಡಿದ್ದು. ಓಟ್ಸ್, ಬೇಳೆ, ರಾಜ್ಮಾ, ತರಕಾರಿ, ಮೆಣಸಿನ ಖಾರ. ನಮ್ಮ ನಾಲಿಗೆಗೆ ಮಾಂಸದ್ದಕ್ಕಿಂತ ಅದೇ ರುಚಿ ಅಂತ ನನ್ನ ಅಭಿಪ್ರಾಯ. ಟಿಕೆಟ್ ತಗೊಳ್ಳುವಾಗಲೇ ಬರೆಸಿ, ಅವತ್ತು ಹೋಗಿ ಕೇಳಿದರೆ ಆಲೂಗಡ್ಡೆ ಮಾತ್ರ. ಜೆಲ್ಲಿ ಥರದ ಸಿಹಿಯಲ್ಲಿ ಜೆಲಟಿನ್ ಇರುತ್ತೆ, ಕೇಳಿ ತಿನ್ನಿ. ಟ್ಯಾಬ್ಲೆಟ್ ಅನ್ನೋ ಸ್ಕಾಟಿಷ್ ಸಿಹಿ ಬರೀ ಸಕ್ಕರೆ, ಬೆಣ್ಣೆ, ಗಟ್ಟಿ ಹಾಲು.

ಧಾರವಾಡ ಫೇಡಾ:
ಟ್ಯಾಬ್ಲೆಟ್ ಅಂದ್ರ ಗಟ್ಟಿ ಬಿದ್ದ ಫೇಡಾ ನೋಡ್ರಿ, ಸಕ್ರಿ ಒಂದು ಹಿಡಿ ಜಾಸ್ತಿ. ಬಾಬುಸಿಂಗ ಠಾಕೂರ ಅವರ ಅಂಗಡಿ ಮುಂದ ನಿಂತಂಗ ಆಗ್ತದ. ಈ ಮಾತಿನ್ಯಾಗ ನಾ ಪಕ್ಷಪಾತಿ.

ಜಯನಗರ 4ನೇ ಬ್ಲಾಕ್:
ತಮಾಷೆ ಬಿಟ್ಟು ಕೇಳ್ತೀನಿ. ಇದು ಪ್ರವಾಸಿಗರಿಗೆ ತೋರ್ಸೋ 'ಸಂಸ್ಕೃತಿ' ಅಲ್ವಾ? ಈಗಿನ ಸ್ಕಾಟ್ಲೆಂಡ್ ಹುಡುಗರು ನಿಜವಾಗ್ಲೂ ಇದನ್ನ ಕುಣೀತಾರಾ?

ಪಿಟೀಲು ಮನೆ:
ಒಳ್ಳೆಯ ಪ್ರಶ್ನೆ. ಸ್ಕಾಟ್ಲೆಂಡ್‌ನಲ್ಲಿ ಬೆಳೆದವರಿಗೆ ಶಾಲೆಯ ವ್ಯಾಯಾಮದ ತರಗತಿಯಲ್ಲಿ ಗೇ ಗಾರ್ಡನ್ಸ್, ಡ್ಯಾಶಿಂಗ್ ವೈಟ್ ಸಾರ್ಜೆಂಟ್, ಸ್ಟ್ರಿಪ್ ದ ವಿಲ್ಲೋ ಇವು ಬಂದಿರುತ್ತವೆ. ಮದುವೆಗಳಲ್ಲಿ ಕುಣಿಯುತ್ತಾರೆ. ಅದು ಕೇಲಿ, ಹೆಜ್ಜೆ ಹೇಗಿದ್ದರೂ ನಡೆಯುತ್ತದೆ. ಕಂಟ್ರಿ ಡಾನ್ಸ್ ಅದರ ಶಿಸ್ತಿನ ಅಕ್ಕ. ಅಳಿಯುತ್ತಿದೆ ಎನ್ನುವ ಕಳವಳದಲ್ಲಿ 1923ರಲ್ಲಿ ಗ್ಲಾಸ್ಗೋದಲ್ಲಿ ಸ್ಕಾಟಿಷ್ ಕಂಟ್ರಿ ಡಾನ್ಸ್ ಸಂಘ ಕಟ್ಟಿದವರು ಇಬ್ಬರು ಹೆಂಗಸರು: ವ್ಯಾಯಾಮ ಶಿಕ್ಷಣ ಕಲಿಸುತ್ತಿದ್ದ ಜೀನ್ ಮಿಲಿಗನ್ ಮತ್ತು ಇಸಬೆಲ್ ಸ್ಟೂವರ್ಟ್. 1951ರಲ್ಲಿ ಅದರ ಹೆಸರಿಗೆ 'ರಾಯಲ್' ಸೇರಿತು. ಸೇಂಟ್ ಆಂಡ್ರೂಸ್ ಎಂಬ ಊರಿನಲ್ಲಿ ಅದರ ಬೇಸಿಗೆ ಶಾಲೆ 1927ರಿಂದ ಇದೆ. ಪಾದದ ಬೆರಳು ಹೀಗೆಯೇ ಇರಬೇಕು ಎನ್ನುವ ಕಟ್ಟುನಿಟ್ಟು ಮಿಲಿಗನ್ ಅವರ ಬಳುವಳಿ, ಅದರ ಬಗ್ಗೆ ಗೊಣಗುವವರು ಆಗಲೂ ಇದ್ದರು, ಈಗಲೂ ಇದ್ದಾರೆ.

ಆದರೆ ಇದು ಗಾಜಿನ ಪೆಟ್ಟಿಗೆಯ ವಸ್ತುವಲ್ಲ. ಹೊಸ ನೃತ್ಯಗಳು ಬರುತ್ತಲೇ ಇವೆ, ದಾಖಲಾದವು ಹತ್ತು ಸಾವಿರಕ್ಕೂ ಹೆಚ್ಚು. ನಿಮ್ಮ ಹಾಳೆಯಲ್ಲಿ 'ರೀಲ್ ಆಫ್ ದ 51ಸ್ಟ್ ಡಿವಿಷನ್' ಇದ್ದೇ ಇರುತ್ತದೆ ಎಂದುಕೊಳ್ಳುತ್ತೇನೆ. 1940ರ ಜೂನ್‌ನಲ್ಲಿ ಫ್ರಾನ್ಸ್‌ನ ಸೇಂಟ್ ವ್ಯಾಲರಿಯಲ್ಲಿ 51ನೇ ಹೈಲ್ಯಾಂಡ್ ಡಿವಿಷನ್ ಎಂಬ ಸ್ಕಾಟಿಷ್ ಸೇನಾದಳದ ಬಹುಭಾಗ ಜರ್ಮನರಿಗೆ ಸೆರೆಸಿಕ್ಕಿತು. ಬವೇರಿಯಾದ ಲಾಫೆನ್ ಶಿಬಿರದಲ್ಲಿದ್ದ ಅದರ ಅಧಿಕಾರಿಗಳು ಸೆರೆಯಲ್ಲೇ ಈ ನೃತ್ಯ ಕಟ್ಟಿದರು. ಗಂಡಸರೇ ಕುಣಿದರು, ಬೇರೆ ಯಾರಿದ್ದರು? ನಡುವೆ ನರ್ತಕರು ಓರೆ ಸಾಲುಗಳಲ್ಲಿ ಕೈ ಹಿಡಿದು ನಿಲ್ಲುವಾಗ ಸೇಂಟ್ ಆಂಡ್ರೂನ ಶಿಲುಬೆ ನೆಲದ ಮೇಲೆ ಮೂಡುತ್ತದೆ. ಇದನ್ನು ಸಂಘ 1945ರಲ್ಲಿ ವಿಜಯದ ಪುಸ್ತಕದಲ್ಲಿ ಅಚ್ಚು ಹಾಕಿತು.

ಕುಡ್ಲದವ:
ಯುದ್ಧದ ಮಾತು ಬಂತು ಅಂತ ಹೇಳ್ತೇನೆ. ಬ್ರಿಟನ್ನಿನ ಯುದ್ಧಕಾಲದ ಗುಪ್ತ ಕೇಂದ್ರ ಬ್ಲೆಚ್ಲಿ ಪಾರ್ಕ್‌ನಲ್ಲಿ ಜಪಾನಿ ನೌಕಾಪಡೆಯ ಸಂಕೇತ ಬಿಡಿಸುತ್ತಿದ್ದ ಹ್ಯೂ ಫಾಸ್ ಅಂತ ಒಬ್ಬರು, ಹುಟ್ಟಿದ್ದು ಜಪಾನಿನ ಕೋಬೆಯಲ್ಲಿ. ಅಲ್ಲಿನವರಿಗೆ ಸಂಜೆ ಹೊತ್ತು ಸ್ಕಾಟಿಷ್ ಡಾನ್ಸ್ ಕಲಿಸ್ತಿದ್ದರು, ಆಮೇಲೆ ಹೊಸ ಡಾನ್ಸ್‌ಗಳನ್ನೂ ಕಟ್ಟಿದರು. ನಮ್ಮ ಕ್ಲಬ್‌ನಲ್ಲಿ ಅರ್ಧ ಜನ ಗಣಿತ, ಕಂಪ್ಯೂಟರ್ ಓದುವವರು ಯಾಕೆ ಇದ್ದರು ಅಂತ ಈಗ ಗೊತ್ತಾಯ್ತಲ್ಲ. ಹಾಳೆಯ ಮೇಲೆ ಪುಟ್ಟ ಚಿತ್ರಗಳಲ್ಲಿ ಇಡೀ ಡಾನ್ಸ್ ಬರೆದಿಡುವ ಪದ್ಧತಿ ಉಂಟು, ನೋಡಿದ ಕೂಡ್ಲೆ ಅಂಥವರಿಗೆ ಹುಚ್ಚು ಹಿಡಿಯುತ್ತದೆ.

ಸುಮ್ನೆ ಓದ್ತೀನಿ:
ಹುಡುಗರು ಕಡಿಮೆ ಇದ್ರೆ?

ಧಾರವಾಡ ಫೇಡಾ:
ಹೆಣಮಕ್ಕಳು ಗಂಡಸರ ಕಡೆ ನಿಂತು ಕುಣೀತಾರ, ಗಂಡಸರೂ ಆ ಕಡೆ ಕುಣೀತಾರ. ವಿದ್ಯಾರ್ಥಿ ಕ್ಲಬ್‌ನ್ಯಾಗ ಇದಕ್ಕ ಯಾರೂ ತಲಿ ಕೆಡಿಸ್ಕೊಳ್ಳಂಗಿಲ್ಲ. ಎರಡೂ ಕಡೆ ಕಲೀರಿ, ಖಾಲಿ ಕೂಡೂದು ತಪ್ತದ. ಇನ್ನೊಂದು ಹೇಳೂದಿತ್ತು: ಹುಡುಗರು ಹುರುಪು ಬಂದಾಗ ಕೈ ಹಿಡದು ಗರಗರ ತಿರಗಸ್ತಾರ, ಬರ್ಲ್ ಅಂತಾರ ಅದಕ್ಕ. ಆಗ್ಲಿಲ್ಲಂದ್ರ 'ಬರ್ಲ್ ಬ್ಯಾಡ' ಅಂತ ಮೊದಲ ಹೇಳ್ರಿ. ಹೇಳಿದಮ್ಯಾಲೂ ತಿರಗಿಸಿದ್ರ ಸಮಿತಿಯವರಿಗೆ ಹೇಳ್ರಿ, ನಾಚಗೋಬ್ಯಾಡ್ರಿ.

ಪಿಟೀಲು ಮನೆ:
ಬರ್ಲ್ ವಿಷಯದಲ್ಲಿ ಹಿರಿಯರ ಗೊಣಗಾಟಕ್ಕೆ ನನ್ನದೂ ಒಂದು ಓಟು ಸೇರಿಸಿ. ತಿರುಗಿ ಮುಗಿಯುವ ಹೊತ್ತಿಗೆ ಮುಂದಿನ ವಿನ್ಯಾಸ ಅರ್ಧ ಕಳೆದಿರುತ್ತದೆ.

ಹಳೇ ಖಜಾಂಚಿ:
ಹುಡುಗರು ಬರ್ಲ್ ಮಾಡದೆ ಇನ್ಯಾರು ಮಾಡಬೇಕು ಸ್ವಾಮಿ? ವಿಶ್ವವಿದ್ಯಾಲಯಗಳ ಜಾನಪದ ನೃತ್ಯ ಉತ್ಸವಕ್ಕೆ ಒಂದು ಸಲ ಬನ್ನಿ. ಪ್ರತಿ ವರ್ಷ ಬೇರೆ ಬೇರೆ ಊರಿನ ವಿದ್ಯಾರ್ಥಿಗಳು ನಡೆಸೋದು, ಇಡೀ ವಾರಾಂತ್ಯ. ಶಾಲೆ ಕೊಠಡಿ, ಆಟದ ಸಭಾಂಗಣದ ನೆಲದ ಮೇಲೆ ಸ್ಲೀಪಿಂಗ್ ಬ್ಯಾಗ್ ಹಾಸಿ ಮಲಗೋದು. ಒಂದು ಹಾಲ್‌ನಲ್ಲಿ ಸ್ಕಾಟಿಷ್, ಇನ್ನೊಂದರಲ್ಲಿ ಇಂಗ್ಲಿಷ್, ಮತ್ತೊಂದರಲ್ಲಿ ಬಾಲ್ಕನ್. ಭಾನುವಾರ ಕೊನೆಗೆ 'ಬದುಕುಳಿದವರ ಕೇಲಿ' ಅಂತಲೇ ಒಂದು ಇರುತ್ತೆ, ಹೆಸರಿಗೆ ತಕ್ಕ ಹಾಗೆ ಎಲ್ಲರೂ ಕುಂಟುತ್ತಾ ಕುಣಿಯೋದು. ತುಂಗಾತೀರ ಅವರೇ, ಬಾಲ್ ಆದಮೇಲೆ ಅದಕ್ಕೆ ಹೆಸರು ಕೊಡಿ. ಬಾಲ್‌ನಲ್ಲಿ ಸಿಗೋದು ಊರಿನವರು, ಅಲ್ಲಿ ಸಿಗೋದು ನಿಮ್ಮ ವಯಸ್ಸಿನವರು.

ನಿರ್ವಾಹಕ:
ಜಯನಗರ ಮತ್ತು ಇನ್ನೊಬ್ಬರ ನಡುವೆ ಕೋಲಾಟ ದೊಡ್ಡದೋ ರೀಲ್ ದೊಡ್ಡದೋ ಅಂತ ನಡೆದ ಜಗಳವನ್ನು ಬೇರೆ ಎಳೆಗೆ ಸಾಗಿಸಿದ್ದೇನೆ. ಅಲ್ಲೇ ಮುಂದುವರಿಸಿ.

ತುಂಗಾತೀರ:
ಟಿಕೆಟ್ ತಗೊಂಡೆ! ಸಸ್ಯಾಹಾರಿ ಅಂತ ಬರೆಸಿದೀನಿ. ಫೇಡಾ ಅವರ ಚುಕ್ಕಿ ವಿಚಾರ ಕಾರ್ಯದರ್ಶಿಗೆ ಹೇಳಿದೆ, 'ಅಯ್ಯೋ, ಇದು ಯಾಕೆ ನಮಗೆ ಹೊಳೀಲಿಲ್ಲ' ಅಂದ್ಲು. ಹೊಸ ಹಾಳೆ ಬಂದಿದೆ, ಹೊಸಬರಿಗೆ ಆಗೋದಕ್ಕೆಲ್ಲ ನಕ್ಷತ್ರ ಹಾಕಿದಾರೆ. ಕೊನೇ ಎರಡು ಕ್ಲಾಸಲ್ಲಿ ಅವನ್ನೇ ಮಾಡಿಸ್ತಾರಂತೆ.

ನನ್ನ ಯೋಜನೆ: ಶುರುವಿನ ಗ್ರ್ಯಾಂಡ್ ಮಾರ್ಚ್, ಬರೀ ನಡೆಯೋದು ಅಂದ್ರು. ಡ್ಯಾಶಿಂಗ್ ವೈಟ್ ಸಾರ್ಜೆಂಟ್, ಅದಕ್ಕೆ ಮೂರು ಜನರ ಗುಂಪು, ನಡುವೆ ನಿಂತ್ರೆ ಎರಡೂ ಕಡೆಯಿಂದ ಆಧಾರ. ಹ್ಯಾಮಿಲ್ಟನ್ ಹೌಸ್, ಪೋಸ್ಟೀಸ್ ಜಿಗ್, ಮೇರೀಸ್ ವೆಡ್ಡಿಂಗ್ ಕಲಿಯೋದು. ಮಿಕ್ಕಿದ್ದು ಕೂತು ನೋಡೋದು. ಸರೀನಾ?

ಕುಡ್ಲದವ:
ಪೋಸ್ಟೀಸ್ ಜಿಗ್ ನಾಲ್ಕು ಜೋಡಿ ಡಾನ್ಸ್. ಮೇಲಿನ ಜೋಡಿ, ಕೆಳಗಿನ ಜೋಡಿ ಒಟ್ಟಿಗೇ ಶುರು ಮಾಡ್ತಾರೆ. 'ನಾಲ್ಕನೇ ಜಾಗದಲ್ಲಿ ಆರಾಮ' ಅಂತ ಅಲ್ಲಿ ಹೋಗಿ ನಿಂತೀರಿ, ಜೋಕೆ! ಅದಕ್ಕೆ ಎರಡನೇ ಅಥವಾ ಮೂರನೇ ಜಾಗ.

ಪಿಟೀಲು ಮನೆ:
ಮೇರೀಸ್ ವೆಡ್ಡಿಂಗ್ 40 ಬಾರ್‌ನದು, 32 ಅಲ್ಲ. ಮುಗಿಯಿತು ಎಂದು ಬೇಗ ನಿಂತುಬಿಡಬೇಡಿ. ಓರೆ ಅರ್ಧ ರೀಲ್‌ಗಳ ನಡುವೆ ಜೊತೆಗಾರರನ್ನು ಎಡ ಭುಜ ಕೊಟ್ಟು ದಾಟುವುದೋ ಬಲ ಭುಜವೋ ಎಂಬ ಜಗಳ ಇನ್ನೂ ತೀರಿಲ್ಲ. ಶುರುವಾಗುವ ಮೊದಲೇ ಅವರನ್ನು ಕೇಳಿಕೊಳ್ಳಿ.

ಧಾರವಾಡ ಫೇಡಾ:
ಕೊನೀಗೆ ಎಲ್ಲಾರೂ ದೊಡ್ಡ ವರ್ತುಲ ಮಾಡಿ ಆಲ್ಡ್ ಲ್ಯಾಂಗ್ ಸೈನ್ ಹಾಡ್ತಾರ. ಮೊದಲಿಂದನ ಕೈ ಅಡ್ಡಡ್ಡ ಹಿಡೀಬ್ಯಾಡ್ರಿ, ಕೊನೀ ನುಡಿಗೆ ಅಷ್ಟ. ಹಂಗ, ನಿಮ್ಮ ಬಾಲ್‌ಗೆ ಟಿಕೆಟ್ ಇನ್ನೂ ಅದಾವೇನು? ನಕ್ಷತ್ರ ಹಾಕ್ಯಾರಂದ್ರ ನಾನೂ ಬರ್ತೀನಿ, ರಾತ್ರಿ ಮಲಗಾಕ ನಿಮ್ಮ ರೂಮಿನ್ಯಾಗ ಜಾಗಾ ಇದ್ರ.

ತುಂಗಾತೀರ:
ಟಿಕೆಟ್ ಇದೆ, ಜಾಗಾನೂ ಇದೆ, ಚಾಪೆ ಇಲ್ಲ. ಸ್ಲೀಪಿಂಗ್ ಬ್ಯಾಗ್ ತನ್ನಿ. ಬರುವಾಗ ಆ ಹಸಿರು ಲಂಗ ಹಾಕ್ಕೊಂಡು ಬನ್ನಿ, ಗುರುತು ಹಿಡಿಯಕ್ಕೆ.